ಚಟ

ಜುಲೈ ಪೂರ್ತಿ ಉತ್ತರದ ಕಾಡು ಉರಿದಿತ್ತು.
ಥಂಡರ್ ಬೇ ಊರಿನ ಸೂರ್ಯ
ಸವೆದ ತಾಮ್ರದ ಕಾಸಾಗಿ ನೇತಾಡಿ,
ಕೊಲ್ಲಿಯಾಚೆ ಮಲಗಿದ ದೈತ್ಯಬಂಡೆಯೂ ಕಾಣದೆ ಹೋಗಿ,
ನೆಲಮಾಳಿಗೆಯಲ್ಲಿ ಗಾಳಿ ತೊಳೆಯುವ ಪೆಟ್ಟಿಗೆ
ಹಗಲೂ ರಾತ್ರಿ
ಚಟ್, ಚಟ್.

ಸೆಪ್ಟೆಂಬರಿನ ಮೊದಲ ಶನಿವಾರ ಐಲಿ
ಸ್ವಿಚ್ಚು ಆರಿಸಿ ಹದಿನೈದರ ತನಕ ಎಣಿಸಿದಳು.
ಒಳಗುಳಿದ ಕರೆಂಟಿಗೂ ಹೊರಡಲು ಹೊತ್ತು ಬೇಕಲ್ಲ.
ಎರಡೂ ಸೆಲ್ಲುಗಳನ್ನು ಎಳೆದು
ಮಗುವಿನಂತೆ ಎದೆಗವಚಿ ಮೇಲೆ ತಂದಳು.
ಸ್ನಾನದ ತೊಟ್ಟಿ. ಸುಡುನೀರು.
ಪಾತ್ರೆ ತೊಳೆಯುವ ಪುಡಿ, ಕಣ್ಣಳತೆಯಲ್ಲಿ.
ಅಲ್ಯೂಮಿನಿಯಂ ತಗಡುಗಳ ಸಂದಿಯಿಂದ
ಬೇಸಿಗೆ ಇಳಿಯತೊಡಗಿತು:
ಮೊದಲು ಕಪ್ಪು, ಕಾಡಿಗೆಯಷ್ಟು ನುಣ್ಣಗೆ,
ಸ್ಪ್ರೂಸು, ಬರ್ಚು, ಯಾರದೋ ಬೇಟೆಯ ಗುಡಿಸಲು.
ಆಮೇಲೆ ನಾಯಿಯ ಕೂದಲು, ರೈ ಹಿಟ್ಟು, ಪತಂಗದ ಒಂದು ರೆಕ್ಕೆ.
ಕಡೆಗೆ, ಹಳದಿ.

ಹಳೆಯ ಜೇನಿನ ಹಳದಿ,
ಬೆರಳಿಗಂಟಿದರೆ ಬಿಡದಂಥದು.
ಸೌನಾದ ಹೊಗೆಯಲ್ಲೇ ಬೆಳೆದವಳು ಐಲಿ,
ಕಟ್ಟಿಗೆ ಹೊಗೆಯ ಕುಲಗೋತ್ರ ಬಲ್ಲವಳು.
ಮೂಸಿದಳು.
ಕಾಡಿನದಲ್ಲ.

ಮೂರು ವರ್ಷದ ಹಿಂದೆ, ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ದಿನ
ತೌನೊ ಇದ್ದ ಪ್ಯಾಕೆಟ್ಟುಗಳನ್ನೆಲ್ಲ
ಅವಳೆದುರೇ ಒಲೆಗೆ ಹಾಕಿದ್ದ.
ಅಂದಿನಿಂದ ಬಾಯಲ್ಲಿ ಪೆಪ್ಪರ್‌ಮಿಂಟು.
ಅಂದಿನಿಂದ ನೆಲಮಾಳಿಗೆಯಲ್ಲಿ ಕೂತು
ಮೀನಿನ ಗಾಳಕ್ಕೆ ಗರಿ ಕಟ್ಟುವ ಹವ್ಯಾಸ.
ಎಷ್ಟು ಗಾಳ!
ಸುಪೀರಿಯರ್ ಸರೋವರವನ್ನೇ ಬರಿದು ಮಾಡಿದರೂ ಮಿಗುವಷ್ಟು.
ಮೀನು ಮಾತ್ರ ಮನೆಗೆ ಬಂದದ್ದು ಎರಡೇ ಸಲ.

ನೀರು ಬಸಿದಳು. ತುಂಬಿದಳು. ಮತ್ತೆ ಬಸಿದಳು.
ಹಿತ್ತಲ ಬೆಂಚಿನ ಮೇಲೆ ಓರೆಯಾಗಿ ನಿಲ್ಲಿಸಿದಾಗ
ತಗಡುಗಳು ಫಳಫಳ, ಏನೂ ಅರಿಯದವರಂತೆ.
ಅಂಚಿನ ತಂತಿಯೊಂದು ತುಂಡಾಗಿತ್ತು.

"ತೌನೊ, ಟಾರ್ಚು ಹಿಡಿ ಬಾ."

ಕೂದಲೆಳೆಯಂಥ ತಂತಿ. ಕೊಕ್ಕೆಗೆ ಸಿಕ್ಕಿಸುವಾಗ
ಬೆಳಕು ನಡುಗಿತು.
ಅವಳು ಕಣ್ಣೆತ್ತಲಿಲ್ಲ.
ಬಾಣದ ಗುರುತು ಫರ್ನೇಸಿನ ಕಡೆಗೆ. ಕದ. ಸ್ವಿಚ್ಚು.
ಚಟ್.
ತಡೆದು, ಇನ್ನೊಂದು.
"ಇನ್ನೂ ಹಸಿ ಇರಬೇಕು" ಅಂದ.
"ಇರಬೇಕು" ಅಂದಳು.

ಮೆಟ್ಟಿಲು ಹತ್ತುವಾಗ ಬೆನ್ನ ಹಿಂದಿನಿಂದ ದನಿ:
"ಮುಂದಿನ ತಿಂಗಳಿಂದ ನಾನೇ ತೊಳೀತೀನಿ, ಬಿಡು."

ಮುಚ್ಚುವ ಮಾತೋ, ಬಿಚ್ಚುವ ಮಾತೋ,
ಅವಳು ನಿಂತು ಕೇಳಲಿಲ್ಲ.
ತೊಟ್ಟಿಯ ಸುತ್ತ ಉಳಿದಿದ್ದ ಹಳದಿ ಗೆರೆಯನ್ನು
ಉಜ್ಜಲು ಬಗ್ಗಿದವಳು
ಬ್ರಷ್ಷನ್ನು ಮೊಳೆಗೆ ನೇತುಹಾಕಿ ಹೊರಬಂದಳು.
ರಾತ್ರಿ ಸ್ನಾನದ ಸರದಿ
ಅವನದು.