ಇನ್ನೂ

ಪುಂತಾ ಅರೇನಾಸ್‌ನಲ್ಲಿ ಗಾಳಿ ಬೀಸುವ ತಿಂಗಳು
ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ,
ಕಂಬದಿಂದ ಕಂಬಕ್ಕೆ, ಸೊಂಟದೆತ್ತರ.
ಚಿಲೋಯೆ ದ್ವೀಪದಿಂದ ಬಂದ ಹೊಸದರಲ್ಲಿ ಅಮ್ಮ
ಬಟ್ಟೆ ಒಣಹಾಕುವುದಕ್ಕೆ ಅಂದುಕೊಂಡಿದ್ದಳಂತೆ.
ಆಮೇಲೆ ಒಂದು ದಿನ ಬ್ಯಾಂಕಿನ ಮುಂದೆ
ಟೋಪಿ ಹೋಯಿತು, ಚೀಲ ಹೋಯಿತು, ಇನ್ನೇನು ತಾನೂ ಹೋಗಬೇಕು,
ಕರಿಕೋಟಿನ ವಕೀಲನೊಬ್ಬನ ಪಕ್ಕದಲ್ಲೇ ನಿಂತು
ಎರಡೂ ಕೈಯಲ್ಲಿ ಹಿಡಿದುಕೊಂಡಳು.
ಗಾಳಿಗಿಲ್ಲದ ನಾಚಿಕೆ ನನಗ್ಯಾಕೆ, ಅಂದಳು.

ನಾನು ಯಾಸ್ನಾ. ಒಂಬತ್ತು ವರ್ಷದಿಂದ ರಾತ್ರಿ ಪಾಳಿ.
ಚಪ್ಪಲಿ ಅಂಗಡಿಯ ಮೇಲಿನ ಕೋಣೆ, ಎರಡು ಫೋನು,
ಕೆಮ್ಮುವ ಗ್ಯಾಸ್ ಒಲೆ. ತಗಡಿನ ಮಾಡು
ಹಾರಿಹೋಗುತ್ತೇನೆಂದು ಪ್ರತಿ ಡಿಸೆಂಬರೂ ಹೆದರಿಸುತ್ತದೆ,
ಹೋಗಿಲ್ಲ.
ಗೋಡೆಗಂಟಿಸಿದ ಹಾಳೆಯಲ್ಲಿ ಮೊದಲ ಪ್ರಶ್ನೆ:
ಮಗು ಈಗ ಎಲ್ಲಿದೆ?
ಎರಡನೆಯದು ಕಿತ್ತಳೆ ರಸ ಬಿದ್ದು ಅಳಿಸಿಹೋಗಿದೆ,
ನನಗೆ ಬಾಯಿಪಾಠ.

ಮೂರು ಗಂಟೆ ಹತ್ತು ನಿಮಿಷ. ಮೊದಲು ಬರೀ ಅಳು.
ಗಂಟಲು ಸೀಳಿಕೊಂಡು ಬರುವ ಎಳೆಯ ಅಳು,
ಉಸಿರು ಕಟ್ಟಿ ಒಂದು ಕ್ಷಣ ನಿಲ್ಲುವ,
ನಿಂತಾಗ ಮತ್ತಷ್ಟು ಹೆದರಿಸುವ ಅಳು.
ಅದರ ಹಿಂದೆ ಒಬ್ಬ ಗಂಡಸು:
"ನಾನು ಏನೂ ಮಾಡಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ಇನ್ನೂ."

ಈ ಒಂದು ಮಾತಿಗಾಗಿಯೇ ನಾವು ಕಿವಿ ತೆರೆದು ಕೂರುವುದು.
ಮಾಡಿ ಮುಗಿಸಿದವರು ಫೋನು ಮಾಡುವುದು
ಬೇರೆ ಕಡೆಗೆ.

ಮಗು ಈಗ ಎಲ್ಲಿದೆ?
"ನನ್ನ ಕೈಯಲ್ಲಿ."
ಕೈ ಎಲ್ಲಿದೆ?
ಗಾಳಿ. ತಗಡು. "ಭುಜದ ಹತ್ತಿರ," ಅಂದ,
"ಗಟ್ಟಿಯಾಗಿ ಹಿಡಿದಿದ್ದೀನಿ ಅನ್ಸುತ್ತೆ.
ಜೋರಾಗಿ ಒಂದು ಸಲ ಅಲುಗಿಸಿದರೆ ನಿಲ್ಲಿಸ್ತಾಳೆ ಅನ್ಸುತ್ತೆ."
ಅಲುಗಿಸಿದೆಯಾ?
"ಇಲ್ಲ. ಅದಕ್ಕೇ ಫೋನ್ ಮಾಡಿದೆ."

ಏಳು ವಾರದ ಹುಡುಗಿ, ದಾನಿತ್ಸಾ.
ಜ್ವರ ಇಲ್ಲ, ಹಾಲಾಗಿದೆ, ಬಟ್ಟೆ ಒಣಗಿದೆ,
ಎಲ್ಲ ನೋಡಿದ್ದಾನೆ, ಎರಡೆರಡು ಸಲ ನೋಡಿದ್ದಾನೆ.
ಹೆಂಡತಿಗೆ ಅಪೆಂಡಿಕ್ಸ್, ಆಸ್ಪತ್ರೆಯಲ್ಲಿ ಮೂರನೇ ರಾತ್ರಿ.
ಬೆಳಗಿನ ಪಾಳಿಗೆ ಇವನು ಮೀನಿನ ಕಾರ್ಖಾನೆಯಲ್ಲಿರಬೇಕು.

ತೊಟ್ಟಿಲಲ್ಲಿ ಮಲಗಿಸು. ಅಂಗಾತ.
ದಿಂಬು ಬೇಡ, ಗೊಂಬೆ ಬೇಡ, ಏನೂ ಬೇಡ.
ಬಾಗಿಲು ಮುಂದೆ ಮಾಡಿ ನೀನು ಹೊರಗೆ ಬಾ.
"ಅಳ್ತಿದಾಳೆ."
ಅಳಲಿ. ಹತ್ತು ನಿಮಿಷ ಅತ್ತರೆ ಏನೂ ಆಗಲ್ಲ.
"ಎಂಥ ಅಪ್ಪ ನಾನು."
ಮಗುವನ್ನು ಕೆಳಗಿಟ್ಟ ಅಪ್ಪ. ಬಾ ಹೊರಗೆ.

ಅಂಗಳದ ಗಾಳಿ ಫೋನಿನೊಳಗೆ ನುಗ್ಗಿತು.
ಅವನ ಮಾತಿನಲ್ಲಿ ಅರ್ಧ ನನಗೆ ಸಿಕ್ಕಿತು, ಅರ್ಧ
ಜಲಸಂಧಿಯ ಕಡೆ ಹೋಯಿತು.
ಸಿಕ್ಕಿದ್ದರಲ್ಲಿ ಅವನಪ್ಪನ ಬೆಲ್ಟಿತ್ತು,
ನಾಯಿಯ ಹೆಸರಿತ್ತು, ಹಾಲಿನ ಪುಡಿಯ ಬೆಲೆಯಿತ್ತು.
ನಾನು ಹೂಂಗುಟ್ಟುತ್ತ ಗಡಿಯಾರ ನೋಡುತ್ತಿದ್ದೆ.

ನನ್ನ ಮನೆಯ ಬಟ್ಟೆಯ ಬೀರುವಿನಲ್ಲಿ, ಎದೆಯೆತ್ತರಕ್ಕೆ,
ಮುಷ್ಟಿಯಗಲದ ಒಂದು ತೂತಿದೆ.
ಇಪ್ಪತ್ತೆರಡು ವರ್ಷದ ಹಿಂದಿನ ರಾತ್ರಿಯದು.
ಆಗ ಗೋಡೆಯ ಮೇಲೆ ಯಾವ ನಂಬರೂ ಇರಲಿಲ್ಲ,
ಅದೃಷ್ಟಕ್ಕೆ ಬೀರು ಹತ್ತಿರವಿತ್ತು.
ಮಗಳು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತಾಳೆ.
ಯಾಕೆಂದು ಕೇಳಿಲ್ಲ.

ಹತ್ತಲ್ಲ, ಹದಿನಾಲ್ಕು ನಿಮಿಷ ಬಿಟ್ಟು ಒಳಗೆ ಹೋದ.
ಬಾಗಿಲು ತೆರೆಯುವ ಸದ್ದು. ನಾನೂ ಉಸಿರು ಹಿಡಿದೆ.
ಅಳು,
ಅದೇ ಅಳು, ಸ್ವಲ್ಪ ಸುಸ್ತಾದದ್ದು.
"ಇನ್ನೂ ಅಳ್ತಿದಾಳೆ," ಅಂದ,
ಈ ಸಲ ಆ ಮಾತು ಅವನ ಬಾಯಲ್ಲಿ ಬೇರೆಯಾಗಿತ್ತು.

ಒಂಬತ್ತಕ್ಕೆ ನರ್ಸ್ ಬರುತ್ತಾಳೆ, ಹೆಸರು ಓರಿಯಾನಾ,
ಅಲ್ಲಿಯವರೆಗೆ ಪಕ್ಕದ ಮನೆಯ ಮುದುಕಿಯನ್ನು ಎಬ್ಬಿಸು,
ಬೈದರೆ ಬೈಸಿಕೋ. ಕಾರ್ಖಾನೆಗೆ ನಾನು ಹೇಳುತ್ತೇನೆ.
ಮತ್ತೆ ಕೈ ಬಿಗಿಯಾದರೆ ಮತ್ತೆ ಕೆಳಗಿಡು, ಮತ್ತೆ ಫೋನು.
ಎಷ್ಟು ಸಲ, ಅಂದ.
ಲೆಕ್ಕ ಇಡುವವರು ಯಾರೂ ಇಲ್ಲ ಇಲ್ಲಿ.

ಲೆಕ್ಕ ಇಡುತ್ತೇವೆ, ಸುಳ್ಳು ಹೇಳಿದೆ. ರಿಜಿಸ್ಟರಿನಲ್ಲಿ
ಸಮಯ, ಮಗುವಿನ ವಯಸ್ಸು, ಕರೆ ಮಾಡಿದವರು: ತಂದೆ.
ಕೊನೆಯ ಕಾಲಂ: ಫಲಿತಾಂಶ.
ಹೊರಗೆ ಆಗಲೇ ಬೆಳಕು, ಮೂಲೆಯಲ್ಲಿ
ಬ್ರೆಡ್ಡಿನ ಬುಟ್ಟಿ ಹೊತ್ತ ಹುಡುಗನೊಬ್ಬ
ಒಂದು ಕೈಯಲ್ಲಿ ಬುಟ್ಟಿ, ಒಂದರಲ್ಲಿ ಹಗ್ಗ.
ಬರೆದೆ:
ಅಳುತ್ತಿದೆ.