ಮುದ್ದೆಮಾಲು

ಬೀಟೆ ಮರ ತಾನಾಗಿಯೇ ಬಿದ್ದಿತ್ತು,
ಲೋಂಡಾದ ಹಳಿ ದಾಟಿ ನಮ್ಮ ಹನ್ನೊಂದು ಮನೆಗಳಿಗೆ
ಬರುವ ಕಾಲುದಾರಿಗೆ ಅಡ್ಡವಾಗಿ.
ದಿಮ್ಮಿಯನ್ನು ಇಲಾಖೆಯ ಲಾರಿ ಒಯ್ದಿತು.
ಬಿಟ್ಟುಹೋದ ಒಂದು ಕೊಂಬೆಯನ್ನು
ಅಜ್ಜ ಬಸ್ತ್ಯಾಂವ ಸಿದ್ದಿ ಹೆಗಲ ಮೇಲೆ ಹೊತ್ತು ತಂದ.
ಹಾಡಹಗಲೇ ತಂದ. ಇದನ್ನು ವಕೀಲರಿಗೂ ಹೇಳಿದ್ದೇವೆ.

ನಾಲ್ಕು ತಿಂಗಳು ಉಳಿ ಆಡಿತು.
ಮೊದಲು ಮೊಣಕಾಲು ಬಂತು, ಆಮೇಲೆ ಪಕ್ಕೆಲುಬು.
ಮುಖ ಮಾತ್ರ ಬೇಗ ಬರಲಿಲ್ಲ.
ಯಾರನ್ನೂ ನೋಡಿ ಕೆತ್ತಿಲ್ಲ ಅಂದ ಅಜ್ಜ.
ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮೊಂತಿ
"ನಮ್ಮ ದ್ಯೋಗನ ಮೂಗು" ಅಂದಳು.
ಜೇನು ಇಳಿಸಲು ಹೋಗಿ ಬಂಡೆಯಿಂದ ಬಿದ್ದ ಮಗ.
ಮತ್ತೆಂದೂ ಆ ಮಾತು ಆಡಲಿಲ್ಲ.

ತಿಂಗಳಿಗೊಮ್ಮೆ ಬೈಕಿನಲ್ಲಿ ಬರುವ ಪಾದ್ರಿ
ಬಣ್ಣ ಹಚ್ಚುವುದು ಯಾವಾಗ ಎಂದು ಕೇಳಿದರು.
"ಕಟ್ಟಿಗಿಗೇ ಬಣ್ಣ ಐತಲ್ರಿ."

ಎಡಗಾಲಿನ ಎರಡು ಬೆರಳು ಬಾಕಿ ಇದ್ದವು, ಜೀಪು ಬಂತು.

ಪಂಚನಾಮೆ ಬರೆದದ್ದು ಗಾರ್ಡ್ ಯಕ್ಕುಂಡಿ, ದುಂಡು ಅಕ್ಷರ:
ಬೀಟೆ. ಮನುಷ್ಯಾಕೃತಿ, ಒಂದು.
ಉದ್ದ ಎರಡಡಿ ಮೂರಿಂಚು. ಕೈಗಳು ಚಾಚಿವೆ.
ಅಂದಾಜು ಬೆಲೆ...
ಇಲ್ಲಿ ಪೆನ್ನು ನಿಂತಿತು. "ಏನಂತ ಬರೀಲಿ?"
ನಮ್ಮನ್ನೇ ಕೇಳಿದರು ಪಾಪ.
"ಮೂವತ್ತು ಅಂತ ಬರಕೊಳ್ರಿ" ಅಂದಳು ಅಜ್ಜಿ.
ಬರೆದುಕೊಂಡರು.

ತಗಡಿನ ಗುಡಿಯಲ್ಲಿ ಮೊಳೆ ಖಾಲಿ ಉಳಿಯಿತು.
ಖಾಲಿ ಮೊಳೆ ನೋಡಲಾರೆ ಎಂದು ಅಜ್ಜಿ
ಅದಕ್ಕೊಂದು ಕೌದಿ ತೂಗುಹಾಕಿದಳು:
ದ್ಯೋಗನ ಅಂಗಿ, ನನ್ನ ಶಾಲೆಯ ಲಂಗ, ಯಾರದೋ ಲುಂಗಿ,
ನಾಲ್ಕೂ ಮೂಲೆಗೆ ಒಂದೊಂದು ಹೂವು,
ಹೂವಿಲ್ಲದ ಕೌದಿ ಬತ್ತಲೆ ಅನ್ನುವವಳು ಅವಳು.
ಆರು ಭಾನುವಾರ ನಾವು
ಆ ಚಿಂದಿಗಳ ಮುಂದೆ ಮೊಣಕಾಲೂರಿದೆವು.

ಖಾನಾಪುರದ ಕೋರ್ಟಿಗೆ ಅಜ್ಜ ತಾರೀಖು ತಪ್ಪಿಸಲಿಲ್ಲ.
ಪೂಜೆಯ ಬಿಳಿ ಅಂಗಿಯನ್ನೇ ತೊಟ್ಟು ಹೋಗುತ್ತಿದ್ದ.
"ಸ್ವತ್ತು ಯಾರದು?"
ನಂದು ಅಂದರೆ ಕಳ್ಳ.
ನಂದಲ್ಲ ಅಂತ ಹೇಳಿ ಕೋಳಿ ಕೂಗಿಸಿಕೊಳ್ಳುವ ವಯಸ್ಸೂ ಅಲ್ಲ.
ಕಟಕಟೆಯ ಕಟ್ಟಿಗೆಯನ್ನು ಬೆರಳಿಂದ ಸವರಿ ನೋಡಿದ,
ಸಾಗವಾನಿ ಎಂದು ಗೊತ್ತಾಗಿರಬೇಕು.
"ಇನ್ನೂ ಎರಡು ಬಟ್ಟು ಬಾಕಿ ಅದಾವ್ರಿ ಸಾಹೇಬ್ರ."
ಗುಮಾಸ್ತ ಮುಂದಿನ ತಾರೀಖು ಬರೆದ.

ದಮಾಮಿಯನ್ನು ತಪಸ್ಸುಕಾಲಕ್ಕೆಂದು ಅಟ್ಟಕ್ಕೇರಿಸಿದ್ದಾಗಿತ್ತು.
ಶುಭ ಶುಕ್ರವಾರ ನಸುಕಿನಲ್ಲಿ
ಮೂಲೆಯ ಹಿರಿಯರಿಗೊಂದು ಕಾಯಿ ಇಟ್ಟು,
ಪಾದ್ರಿ ಇದನ್ನು ಕೇಳುವುದಿಲ್ಲ, ನಾವು ಹೇಳುವುದಿಲ್ಲ,
ಹನ್ನೊಂದು ಮನೆಯವರೂ ಬರಿಗಾಲಲ್ಲಿ ಹೊರಟೆವು
ರೇಂಜ್ ಆಫೀಸಿಗೆ.

ರಜೆಯಿದ್ದರೂ ಯಕ್ಕುಂಡಿ ಬಂದು ಕೀಲಿ ತೆಗೆದರು.
"ಮುಟ್ಟಬ್ಯಾಡ್ರಿ, ಸೀಲ್ ಐತಿ."
ಅಂದವರು ಹೊರಗೆ ಹೋಗಿ
ನಮಗೆ ಬೆನ್ನು ಮಾಡಿ ಬೀಡಿ ಹಚ್ಚಿದರು.
ಒಳಗೆ ಜಿಂಕೆಯ ಕೊಂಬು, ಗಂಧದ ತುಂಡು,
ಒಂದು ಕಡೆ ಯಾರದೋ ಕೊಡಲಿ,
ಇನ್ನೊಂದು ಕಡೆ ಯಾರದೋ ಸೈಕಲ್ಲು.
ನಡುವೆ, ಗೋಣಿಚೀಲದ ಮೇಲೆ, ಸೊಂಟಕ್ಕೆ ಸುತಳಿ,
ಅರಗಿನ ಮುದ್ರೆ, ಚೀಟಿಯ ಮೇಲೆ ಹದಿನೇಳು.

ಅಜ್ಜಿ ಪಾದಕ್ಕೆ ಬಾಗಲಿಲ್ಲ. ಸೆರಗಿನಿಂದ
ಮೂಗಿನ ಮೇಲಿನ ಧೂಳು ಒರೆಸಿದಳು, ಅಷ್ಟೇ.
ಉಳಿದವರೆಲ್ಲ ಸಾಲಾಗಿ ಬಾಗಿ ಮುತ್ತಿಟ್ಟರು.
ನನಗಾಗ ಒಂಬತ್ತು ವರ್ಷ. ನನ್ನ ಪಾಲಿಗೆ ಬಂದದ್ದು ಎಡಗಾಲು,
ಬೆರಳಾಗದೆ ಉಳಿದ ಆ ಒರಟು ಜಾಗ.
ತುಟಿಗೆ ಸಿಬಿರು ಹೊಕ್ಕಿತು.

ದಾರಿಯುದ್ದಕ್ಕೂ ಯಾರಿಗೂ ಹೇಳಲಿಲ್ಲ,
ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡು ನಡೆದೆ.
ರಾತ್ರಿ ಚಿಮಣಿ ಬುಡ್ಡಿ ಹತ್ತಿರ ಎಳೆದುಕೊಂಡು
ಅಜ್ಜಿ ಕೌದಿಯ ಸೂಜಿಯಿಂದ ಅದನ್ನು ತೆಗೆದಳು.
ಎಳ್ಳಿನಷ್ಟೂ ಇರಲಿಲ್ಲ, ಕಪ್ಪಗೆ.
"ಇಷ್ಟರೆ ಬಿಡಿಸ್ಕೊಂಡು ಬಂದ್ಯಲ್ಲ" ಅಂದಳು.
ಎಲ್ಲಿಡುವುದೆಂದು ತಿಳಿಯದೆ
ಬಹಳ ಹೊತ್ತು ಬೆರಳ ತುದಿಯಲ್ಲೇ ಹಿಡಿದುಕೊಂಡು ಕೂತಿದ್ದಳು.