ಹೆಗಲಿಗೊಂದು ಪಟ್ಟಿ

ಹುಬ್ಬಳ್ಳಿ ವಿದ್ಯಾನಗರ, ಎರಡನೇ ಮಾಳಗಿ.
ಡಾಕ್ಟರ್ ಹೂಲಿ ಮೇಜಿನ ಮ್ಯಾಲ ಎರಡು ಪಟ್ಟಿ ಇಟ್ರು,
ನನ್ನ ನಡುಬೆರಳಿನಷ್ಟು ಉದ್ದ,
ಹುಣಸಿಕಾಯಿ ಹಂಗ ಡೊಂಕು.
"ಇದು ಸ್ಟೀಲು. ಇದು ಟೈಟೇನಿಯಂ.
ಮಗಳ ಹೆಗಲು ನಿಮ್ದು. ಆರಿಸ್ಕೋರಿ."

ಅವರಿಗೇನ್ ಗೊತ್ತು,
ನಾ ಇಪ್ಪತ್ತಾರು ವರ್ಷ ಲೇತಿನ ಮುಂದ ನಿಂತಾಂವ ಅಂತ.
ಗದಗ ಸ್ಟೇಷನ್ ರೋಡಿಗೆ ನಮ್ಮ ಶೆಡ್ಡು.
ಮುತ್ಯಾ ಕುಳ ಬಡದ, ಅಪ್ಪ ಚಕ್ಕಡಿ ಗಾಲಿಗೆ ಹಳಿ ಹಾಕಿದ,
ನಾ ಪಂಪಿನ ಶಾಫ್ಟು ತಿರವತೀನಿ.

ಎತ್ತಿ ಅಂಗೈಯಾಗ ತೂಗಿದೆ.
ಸ್ಟೀಲು ತನ್ನ ಭಾರ ತಾನ ಹೇಳ್ತು.
ಇನ್ನೊಂದು ಬೂದಿ ಬಣ್ಣದ್ದು, ಇದ್ದೂ ಇಲ್ಲದಂಗ.
ಟೈಟೇನಿಯಂ ನಾ ಒಮ್ಮೆ ಕಡದೇನಿ,
ಗೋಕುಲ ರೋಡಿನವರ ಆರ್ಡರು, ನಾಕ ನಾಕು ಪಿನ್ನು.
ಟೂಲಿಗೆ ಅಂಟತೈತಿ, ಕಾವು ಹಿಡದಿಟ್ಕೋತೈತಿ,
ಬಿದ್ದ ಚೂರಿಗೆ ಕಿಡಿ ತಾಗಿದ್ರ
ಬೆಳ್ಳಗ ಉರಿತೈತಿ, ನೀರಿನ ಮಾತು ಕೇಳೂದಿಲ್ಲ.
ಸಿಟ್ಟಿನ ಲೋಹ.
ಇದು ಮಗಳ ಮೈಯಾಗ ಬ್ಯಾಡ ಅನ್ನಿಸ್ತು.

ದಾಕ್ಷಾಯಣಿ ಕುರ್ಚಿ ಮ್ಯಾಲ, ಎಡಗೈ ಜೋಳಿಗ್ಯಾಗ,
ಮುಂಡರಗಿ ರೋಡಿನ ಧೂಳು ಇನ್ನೂ ಕಿವಿ ಹಿಂದ.
ಸೈಕಲ್ ರೇಸು, ಕಡೀ ಮೂರು ಕಿಲೋಮೀಟರು,
ಮುಂದಿನ ಹುಡುಗಿ ಬ್ರೇಕ್ ಹಿಡದ್ಳಂತ,
ಇಕಿ ಹೆಗಲಿಲೇ ಡಾಂಬರಿಗೆ ಬಂದಳು.
ಎಕ್ಸ್‌ರೇದಾಗ ಎಲುಬು ಮೂರು ತುಂಡು,
ನಡುವಿನದು ಅಡ್ಡ ಹೊಳ್ಳಿ ನಿಂತಿತ್ತು,
ಪಾಳಿ ಬಿಟ್ಟ ಸಾಲಿ ಹುಡುಗನ ಹಂಗ.

ಅಕಿ ಕೇಳಿದ್ದು ಒಂದ: "ಯಾವುದು ಹಗುರ ಐತಿ ಅಪ್ಪಾ?"
"ಗಟ್ಟಿ ಯಾವುದು ಅಂತ ಕೇಳು" ಅಂದೆ ನಾ.
ಹೂಲಿ ನಕ್ಕರು. "ಎಲ್ಲಾ ಭಾರ ಪಟ್ಟಿನ ಹೊತ್ತರ
ಎಲುಬು ಮೈಗಳ್ಳ ಆಗತೈತಿ ಯಜಮಾನ್ರ.
ಪಟ್ಟಿಗೆ ಚೂರು ಬಾಗೂದೂ ಗೊತ್ತಿರಬೇಕು."
ಇಂಥ ಮಾತು ನಮ್ಮ ಶೆಡ್ಡಿನಾಗ ಯಾರೂ ಆಡಿರ್ಲಿಲ್ಲ.

ಹಂಗಂತ ಮುಚ್ಚಿಡಲೂ ಇಲ್ಲ ಅವರು:
"ಟೈಟೇನಿಯಂ ಸ್ಕ್ರೂ ಮುಂದ ತೆಗೀಬೇಕಂದ್ರ
ಒಮ್ಮೊಮ್ಮೆ ಕಚ್ಚಿ ಕುಂದರತಾವ, ತಲಿ ಸವೀತಾವ."
ಗೊತ್ತು ಅಂದೆ. ಅದೊಂದರಾಗ ನಾವಿಬ್ಬರೂ ಒಂದ ಕಸಬು.
ದರಾ ಕೇಳಿದೆ. ನಡುವ ಹನ್ನೊಂದು ಸಾವಿರ.
ಎರಡೂ ಎಲುಬು ಕೂಡಸ್ತಾವ ಅಂದ್ರು.
ನನ್ನ ಬಾಯಿ ಸ್ಟೀಲು ಅನ್ನೂದ್ರಾಗ ಇತ್ತು.

ಆಗ ಕಾಳವ್ವ,
ಅಲ್ಲಿತನಾ ಬಾಗಲದಾಗ ಚೀಲ ಹಿಡಕೊಂಡು ನಿಂತಾಕಿ,
"ಇಕಿಗೆ ಬೆಂಟೆಕ್ಸ್ ಓಲಿ ಆಗಿ ಬರೂದಿಲ್ರಿ" ಅಂದ್ಳು.
"ಮೂರನೇ ದಿನಕ್ಕ ಕಿವಿ ನೀರು ಸೋರತೈತಿ.
ವಾಚಿನ ಬೆಲ್ಟಿಗೂ ಹಂಗ.
ಪ್ಯಾಂಟಿನ ಗುಂಡಿಗೂ, ಹೊಕ್ಕಳ ಕೆಳಗ."
ಡಾಕ್ಟರ್ ಪೆನ್ನು ಕೆಳಗಿಟ್ರು.
"ನಿಕ್ಕಲ್" ಅಂದ್ರು.

ನಿಕ್ಕಲ್.
ಆ ಸ್ಟೀಲಿನಾಗ ನೂರಕ್ಕ ಹದಿಮೂರೋ ಹದಿನಾಕೋ ಪಾಲು,
ನನಗ ಬಾಯಿಪಾಠ.
ಮಗಳ ಕಿವಿ ಬಾಯಿಪಾಠ ಇರ್ಲಿಲ್ಲ.
ಇಷ್ಟು ವರ್ಷ ಅಕಿ ಕಿವಿಗೆ ಬೇವಿನ ಕಡ್ಡಿ ಚುಚಗೊಂಡು ತಿರಗಿದ್ದು
ಏನೋ ಶೋಕಿ ಅಂದ್ಕೊಂಡಿದ್ದೆ.

ಸ್ಟೀಲು ಹಾಕಿದ್ರ ಒಳಗೂ ಕೆರಿತಿತ್ತೇನು?
ಹೇಳಾಕ ಬರೂದಿಲ್ಲ, ಭಾಳ ಮಂದಿಗೆ ಏನೂ ಆಗೂದಿಲ್ಲ, ಅಂದ್ರು.
ನಾ ಬೂದಿ ಬಣ್ಣದ್ದನ್ನ ಅವರ ಕಡೆ ಸರಿಸಿದೆ.

ಈಗ ಫಿಲ್ಮು ಶೆಡ್ಡಿನ ಕಿಟಕಿಗೆ ಅಂಟಿಸೇನಿ.
ಒಂದು ಪಟ್ಟಿ, ಎಂಟು ಸ್ಕ್ರೂ.
ಬಿಸಲು ಬಂದಾಗ ಥ್ರೆಡ್ಡು ಎಣಸ್ತೀನಿ, ಒಂದೂ ಹರದಿಲ್ಲ.
ಯಾವ ಊರಾಗ, ಯಾವ ರಾತ್ರಿ ಪಾಳಿಯಾಗ,
ಯಾರ ಕೈ ಆ ಸಿಟ್ಟಿಗೆ ಹನಿ ಹನಿ ಎಣ್ಣಿ ಬಿಟ್ಟು
ಸಮಾಧಾನ ಮಾಡ್ತೋ.

ಹೊರಗ ದಾಕ್ಷಾಯಣಿ ಒಂದ ಕೈಲೇ
ಟೈರಿಗೆ ಗಾಳಿ ಹೊಡಿಯಾಕತ್ಯಾಳ.
"ಇನ್ನೂ ಆರು ವಾರ ಐತಿ!" ಅಂತ ಒದರಿದೆ.
ಪಂಪಿನ ಸಪ್ಪಳ ನಿಂದ್ರಲಿಲ್ಲ.